ಅಚ್ಚಾದ ಕಾರ್ಡಿನಲ್ಲಿದ್ದ ಹೆಸರು

ಖಾನಾಪುರದ ರಾಧಾಬಾಯಿ ಸಾಳವೆಗೆ ಮಗನ ಕಾಗದಗಳ ಮೇಲೆ ಅನುಮಾನ ಹುಟ್ಟಿ ಒಂದೂವರೆ ವರ್ಷವಾಗಿತ್ತು. ಮಗ ಪಂಢರಿನಾಥ ಪಾದ್ರಿಯಾಗಲು ಓದಬೇಕೆಂದು ಹೆಂಡತಿ ಕುಮುದಿನಿಯನ್ನು ಕರೆದುಕೊಂಡು ಸ್ಕಾಟ್ಲೆಂಡಿನ ಸೆಮಿನರಿಗೆ ಹೋದದ್ದು ೧೯೭೬ರಲ್ಲಿ. ಮೊದಲ ವರ್ಷ ಬಂದ ಕಾಗದಗಳೆಲ್ಲ ಅವನ ಕೈಬರಹದವು. ಅಕ್ಷರಗಳು ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಚಳಿ, ನೆಗಡಿ, ಸಪ್ಪನೆ ಊಟ, ತಲೆಗೆ ಹತ್ತದ ಗ್ರೀಕ್ ಭಾಷೆ, ಎಲ್ಲವನ್ನೂ ತೋಡಿಕೊಂಡು ಬರೆಯುತ್ತಿದ್ದ. ಎರಡನೆಯ ಕ್ರಿಸ್ಮಸ್ ಆದ ಮೇಲೆ ಕಾಗದಗಳು ಸೊಸೆಯ ದುಂಡನೆಯ ಅಕ್ಷರದಲ್ಲಿ ಬರತೊಡಗಿದವು. 'ನಾವು ಆರಾಮ ಇದ್ದೇವೆ, ಓದು ಚೆನ್ನಾಗಿ ನಡೆದಿದೆ.' ಕೆಳಗೆ ಮಾತ್ರ ಅವನ ಸಹಿ.

ಯಾರ ಓದು ನಡೆದಿದೆ ಎಂಬುದನ್ನು ಯಾವ ಕಾಗದವೂ ಹೇಳುತ್ತಿರಲಿಲ್ಲ.

ರಾಧಾಬಾಯಿ ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುವ ಕೆಲಸವನ್ನು ಇಪ್ಪತ್ತೆಂಟು ವರ್ಷ ಮಾಡಿದವಳು. ಜನ ಏನನ್ನು ಹೇಳದೆ ಬಿಡುತ್ತಾರೆ ಎಂಬುದು ಅವಳಿಗೆ ಬೇಗ ತಿಳಿಯುತ್ತಿತ್ತು. ಮಗನ ಕೈಗೆ ಏನಾದರೂ ಆಗಿದೆಯೇ? ಹಾಸಿಗೆ ಹಿಡಿದಿದ್ದಾನೆಯೇ? ಒಮ್ಮೊಮ್ಮೆ ಇನ್ನೂ ಕೆಟ್ಟ ಯೋಚನೆ ಬಂದು, ಹಳೆಯ ಸಹಿಯನ್ನೂ ಹೊಸ ಸಹಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ಹೋಲಿಸುತ್ತಿದ್ದಳು. ಸೊಸೆಯನ್ನು ಅವಳು ಮೊದಲಿನಿಂದಲೂ ನಂಬಿರಲಿಲ್ಲ. ಹುಡುಗಿಯ ತಪ್ಪೇನೂ ಇರಲಿಲ್ಲ. ಮಾತು ಕಡಿಮೆ, ಅಷ್ಟೇ. ಆ ಮೌನವೇ ರಾಧಾಬಾಯಿಗೆ ಮುಚ್ಚಿದ ಬಾಗಿಲಿನಂತೆ ಕಾಣುತ್ತಿತ್ತು.

೧೯೭೯ರ ಜೂನ್ ತಿಂಗಳ ಒಂದು ಸೋಮವಾರ ಸೆಮಿನರಿಯಿಂದ ದಪ್ಪ ಕಾರ್ಡು ಬಂತು. ಇಂಗ್ಲಿಷಿನಲ್ಲಿದ್ದ ಅದನ್ನು ಓದಿ ಹೇಳಿದವರು ಸಭೆಯ ಹಿರಿಯರಾದ ಮಾರ್ತಾಂಡ. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು, ಊರಿನ ಚರ್ಚಿನಲ್ಲಿ ಅವರ ಮಾತೇ ಕೊನೆಯ ಮಾತು.

"ಬರೂ ಶನಿವಾರ ಪದವಿ ಕೊಡತಾರಂತ್ರೀ ರಾಧಾಬಾಯಿ! ಹನ್ನೊಂದು ಮಂದಿ ಪಾಸಾಗ್ಯಾರ. ಅದರಾಗ ನಮ್ಮಾಂವನೂ ಒಬ್ಬ."

"ಹೆಸರು ಐತೇನ್ರಿ?"

"ಐತಲ್ಲಾ. ಇಲ್ಲಿ ನೋಡ್ರಿ, ಸಾಳವೆ, ಇಂಡಿಯಾ." ಮಾರ್ತಾಂಡ ಕನ್ನಡಕ ಸರಿಪಡಿಸಿಕೊಂಡರು. "ಮುಂದ ಮಾತ್ರ 'ಪಿ' ಹಾಕೂದು ಬಿಟ್ಟು 'ಕೆ' ಹಾಕ್ಯಾರ. ಅಚ್ಚಿನವರ ತಪ್ಪು."

ರಾಧಾಬಾಯಿ ಕಾರ್ಡಿನ ಕಡೆ ಬಗ್ಗಿದಳು. "ಅಷ್ಟು ದೊಡ್ಡ ಸಾಲಿಯವರು ಹೆಸರು ತಪ್ಪು ಹಾಕತಾರೇನು, ಮಾರ್ತಾಂಡಣ್ಣಾ?"

"ನಿಮಗ ಎಲ್ಲಾದಕ್ಕೂ ಸಂಶೇನೇ. ಮಗಾ ಪಾದ್ರಿ ಆದಾ, ಖುಷಿ ಪಡ್ರಿ. ಆಯಿತವಾರ ಚರ್ಚಿನ್ಯಾಗ ಸ್ತುತಿ ಆರಾಧನಾ ಇಡೂಣು. ಚಹಾ, ಶಿರಾ ಎಲ್ಲಾ ಸಭಾದವರೇ ಮಾಡತಾರ."

ಮೂರು ದಿನ ಅವಳಿಗೆ ನಿದ್ರೆ ಹತ್ತಲಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ ಕೈಹಿಡಿದು ಅಭಿನಂದಿಸುತ್ತಿದ್ದರು. ಪ್ರತಿ ಸಲವೂ ಅವಳಿಗೆ ಯಾರದೋ ಸಾಮಾನನ್ನು ತನ್ನದೆಂದು ತೆಗೆದುಕೊಂಡಂತೆ ಅನಿಸುತ್ತಿತ್ತು. ಗುರುವಾರ ಮುಂಜಾನೆ ಬೆಳಗಾವಿಯ ಬಸ್ಸು ಹತ್ತಿದಳು. ಸೊಸೆಯ ತವರು ಅಲ್ಲಿನ ವಡಗಾವಿಯಲ್ಲಿತ್ತು. ಬೀಗರಿಗೆ ಏನು ಕಾಗದ ಬರುತ್ತದೆ ಎಂಬುದನ್ನು ಒಮ್ಮೆ ನೋಡಬೇಕಿತ್ತು.

ಓಣಿಯ ಎರಡೂ ಕಡೆ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಕುಮುದಿನಿಯ ತಾಯಿ ಕಾಂತಾ ಹೊಸ್ತಿಲಲ್ಲಿ ಕುಳಿತು ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಬೀಗತಿಯನ್ನು ಕಂಡವಳೇ ಗಾಬರಿಯಾಗಿ ಎದ್ದಳು.

"ಬರ್ರಿ ಅಕ್ಕಾ, ಒಳಗ ಬರ್ರಿ. ಸುದ್ದಿ ಇಲ್ದ ಬಂದ್ರಿ..."

"ಸುದ್ದಿ ಕೊಟ್ಟ ಬಂದಿದ್ರ ನಾ ನೋಡಬೇಕಾದ್ದು ಸಿಗತಿರಲಿಲ್ಲ," ಎನ್ನಬೇಕೆಂದುಕೊಂಡರೂ ರಾಧಾಬಾಯಿ ಅನ್ನಲಿಲ್ಲ. ಒಳಗೆ ಹೋಗಿ ಕುಳಿತಳು. ಗೋಡೆಯ ಗೂಡಿನಲ್ಲಿ, ಬೈಬಲ್ಲಿನ ಕೆಳಗೆ, ವಿಮಾನದಲ್ಲಿ ಬಂದ ನೀಲಿ ಕಾಗದದ ಅಂಚು ಕಾಣುತ್ತಿತ್ತು. ಕಾಂತಾ ನೀರು ತರಲು ಹೋಗುವ ಮೊದಲು ಗೂಡಿನ ಮುಂದೆ ಹಾದು, ಬೈಬಲ್ಲನ್ನು ಸ್ವಲ್ಪ ಸರಿಸಿ ಆ ಅಂಚನ್ನು ಮುಚ್ಚಿದಳು.

ಆಕೆ ಬೆನ್ನು ತಿರುಗಿಸಿದ್ದೇ ತಡ, ರಾಧಾಬಾಯಿ ಎದ್ದು ಕಾಗದ ಎಳೆದುಕೊಂಡಳು. ಒಂದರ ಮೇಲೊಂದು ಬಿದ್ದ ಅಕ್ಷರಗಳು. ಪಂಢರಿಯವೇ. ತಾರೀಖು ಹೋದ ತಿಂಗಳದ್ದು.

ಮಗ ಬದುಕಿದ್ದಾನೆ ಎಂಬ ಸಮಾಧಾನ ಬರುವ ಮೊದಲೇ ಸಿಟ್ಟು ಬಂತು. ಅತ್ತೆಗೆ ಬರೆಯಲು ಕೈ ಬರುತ್ತದೆ, ಹಡೆದವಳಿಗೆ ಬರೆಯಲು ಬರುವುದಿಲ್ಲ!

ಕಾಂತಾ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಳು. "ಅಕ್ಕಾ, ಅದನ್ನ ಓದಬ್ಯಾಡ್ರಿ."

"ಯಾಕ? ನನ್ನ ಮಗಂದ ಐತಿ. ಏನ್ ಮಾಡೀರಿ ನೀವು ಅವಗ? ನಿಮ್ಮ ಮಗಳು ಏನ್ ಮುಚ್ಚಿಡಾಕತ್ತಾಳ?"

"ಅಕಿ ಏನೂ ಮಾಡಿಲ್ರೀ," ಎಂದು ಕಾಂತಾ ಅಳತೊಡಗಿದಳು. "ಎರಡನೇ ವರ್ಷ ಗ್ರೀಕಿನ ಪರೀಕ್ಷಾ ಫೇಲಾತು ಅಳಿಯಂದ್ರಿಂದು. ಎರಡ ಸಲ ಕುಂತ್ರು, ಎರಡ ಸಲಾನೂ ಆಗಲಿಲ್ಲ. ಪುಸ್ತಕಾ ಮುಂದಿಟ್ಕೊಂಡು ಸಣ್ಣ ಹುಡುಗರಗತೆ ಅಳತಿದ್ರಂತ. ಕುಮುದಿನಿ ಬಾಜೂಕ ಕುಂತು ಪಾಠಾ ಹೇಳಿಕೊಡಾಕ ಹೋಗಿ ತಾನೇ ಕಲತಳು. ಅಲ್ಲಿಯ ಹಿರೇ ಸಾಹೇಬ್ರು ಅಕಿನ್ನ ಪರೀಕ್ಷಾ ಮಾಡಿ, ಆ ಜಾಗಾ ಅಕಿಗೇ ಕೊಟ್ರು. ಅಳಿಯಂದ್ರು ಸೆಮಿನರಿಯ ಅಡಗಿಮನಿಗೆ ಸೇರ್ಯಾರ."

"ಸುಳ್ಳು," ಎಂದಳು ರಾಧಾಬಾಯಿ.

ಕಾಂತಾ ತಂಬಿಗೆಯನ್ನು ನೆಲಕ್ಕಿಟ್ಟಳು. "ಹಂಗಾರ ಓದ್ರಿ."

ಕಾಗದದಲ್ಲಿ ಪಂಢರಿ ಅತ್ತೆಯನ್ನು ಕೇಳಿದ್ದು ಒಂದೇ ಮಾತು: ಅರವತ್ತು ಜನರಿಗೆ ಕಟ್ಟಿನ ಸಾರು ಮಾಡುವಾಗ ಹುಳಿ ಎಷ್ಟು ಹಾಕಬೇಕು. ಪದವಿ ಕೊಡುವ ದಿನದ ಊಟಕ್ಕೆ ಒಂದು ಪದಾರ್ಥ ನಮ್ಮ ಕಡೆಯದು ಇರಲಿ ಎಂದು ಸಾಹೇಬರು ಹೇಳಿದ್ದಾರಂತೆ. ಕುಮುದಿನಿಗೆ ಕರಿ ನಿಲುವಂಗಿ ಹೊಲಿಸಿದ್ದಾರಂತೆ, ಭುಜದ ಹತ್ತಿರ ಸಡಿಲಾಗಿದೆಯಂತೆ. ಕೊನೆಗೆ ಹೀಗಿತ್ತು: 'ಅವ್ವಗ ಹೇಳಬ್ಯಾಡ್ರಿ. ನನ್ನನ್ನ ಚರ್ಚಿನ್ಯಾಗ ಪ್ರಸಂಗ ಮಾಡೂದು ನೋಡಬೇಕಂತ ನಾ ಹುಟ್ಟಿದಾಗಿಂದ ಪ್ರಾರ್ಥನಾ ಮಾಡ್ಯಾಳ. ನಾ ಬಂದು ಎದುರಿಗೆ ಹೇಳತೀನಿ. ಸುಳ್ಳು ಬರಿಯಾಕ ನನ್ನ ಕೈ ಏಳವಲ್ದು, ಅದಕ್ಕ ಕುಮುದಿನೀನ ಬರೀತಾಳ.'

ಕಾಗದದ ಮೂಲೆಯಲ್ಲಿ ಎಣ್ಣೆಯ ಕಲೆ ಇತ್ತು. ರಾಧಾಬಾಯಿ ಅದನ್ನು ಮೂಸಿ ನೋಡಿದಳು. ಏನೂ ವಾಸನೆ ಇರಲಿಲ್ಲ.

ಖಾನಾಪುರಕ್ಕೆ ಮರಳುವ ಬಸ್ಸಿನಲ್ಲಿ ಅವಳು ಕಾಂತಾಳಿಂದ ಕೇಳಿ ತಂದ ಆ ಕಾಗದವನ್ನು ಮೂರು ಸಲ ಓದಿದಳು. ಸೊಸೆ ಎದುರಿಗೆ ನಿಂತು ಬರೆಸಿದ್ದಿರಬಹುದೇ ಎಂದು ಒಂದು ಸಲ. ಅಡಿಗೆಮನೆಗೆ ಅವನಾಗಿ ಹೋದನೋ, ದೂಡಿದರೋ ಎಂದು ಇನ್ನೊಂದು ಸಲ. ಮೂರನೆಯ ಸಲ ಓದುವಾಗ ಮಗ ಎದುರಿಗೇ ಕೂತು ಮಾತಾಡಿದಂತಾಗಿ ಕಣ್ಣು ತುಂಬಿತು. ಆದರೂ ಮನಸ್ಸು ಪೂರ್ತಿ ತಿಳಿಯಾಗಲಿಲ್ಲ. ಹೆಂಡತಿ ಗಂಡನ ಜಾಗದಲ್ಲಿ ಕುಳಿತಳು ಎಂದರೆ ಊರು ಏನನ್ನುತ್ತದೆ? ಪಂಢರಿ ಬಂದು ಹೇಳುವವರೆಗೆ ತಾನೂ ಬಾಯಿ ಮುಚ್ಚಿಕೊಂಡಿರುವುದೇ ಸರಿ ಎಂದು ಬಸ್ಸಿನಿಂದ ಇಳಿಯುವಾಗ ತೀರ್ಮಾನಿಸಿದಳು.

ಆದಿತ್ಯವಾರ ಚರ್ಚು ತುಂಬಿತ್ತು. ಗೋಡೆಗೆ ಪಂಢರಿನಾಥನ ಫೋಟೋ ತೂಗುಹಾಕಿ ಸುತ್ತ ಬಣ್ಣದ ಕಾಗದ ಅಂಟಿಸಿದ್ದರು. ಮಾರ್ತಾಂಡ ಎದ್ದು ನಿಂತು ಕಣ್ಣು ಮುಚ್ಚಿ ಪ್ರಾರ್ಥನೆ ಆರಂಭಿಸಿದರು. "ಕರ್ತನೇ, ನಿನ್ನ ಸೇವಕ ಪಂಢರಿನಾಥನು ಹಗಲಿರುಳು ಓದಿ ನಿನ್ನ ವಾಕ್ಯದಲ್ಲಿ ಪದವೀಧರನಾದದ್ದಕ್ಕೆ ನಿನಗೆ ಸ್ತೋತ್ರ."

ಎಲ್ಲರೂ "ಆಮೆನ್" ಎಂದರು. ರಾಧಾಬಾಯಿಯ ನಾಲಗೆ ಮಾತ್ರ ಹೊರಳಲಿಲ್ಲ. ಮನುಷ್ಯರ ಮುಂದೆ ಸುಮ್ಮನಿರಬಹುದು ಎಂದು ಅವಳು ಲೆಕ್ಕ ಹಾಕಿದ್ದಳು. ಪ್ರಾರ್ಥನೆಯಲ್ಲಿಯೇ ಸುಳ್ಳು ಬರುತ್ತದೆ ಎಂದು ಯೋಚಿಸಿರಲಿಲ್ಲ. ಎದ್ದು ನಿಂತಳು.

"ಮಾರ್ತಾಂಡಣ್ಣಾ, ನಿಲ್ಲಸ್ರಿ. ಪಾಸಾದಾಂವ ಪಂಢರಿ ಅಲ್ಲ. ಕಾರ್ಡಿನ್ಯಾಗ ಬರದದ್ದು ಖರೇ ಐತಿ. ಕುಮುದಿನಿ ಪಾಸಾಗ್ಯಾಳ. ನನ್ನ ಮಗಾ ಫೇಲಾಗಿ ಅಲ್ಲೇ ಅಡಗಿ ಮಾಡಾಕತ್ತಾನ."

ಮಾರ್ತಾಂಡರ ಮುಖ ಕೆಂಪಾಯಿತು. "ಹೆಣ್ಣಮಕ್ಕಳಿಗೆ ಪಾದ್ರಿ ದೀಕ್ಷಾ ಕೊಡೂ ಪದ್ಧತಿ ನಮ್ಮ ಸಭಾದಾಗ ಇಲ್ರೀ. ಹಂಗಿದ್ರ ಈ ಆರಾಧನಾ ಯಾತಕ್ಕ?"

"ದೀಕ್ಷಾ ಯಾರು ಕೇಳ್ಯಾರ್ರಿ? ಮಗಂದು ಅಂದಾಗ ಸ್ತೋತ್ರ ಅಂದ್ರಿ. ಸೊಸಿದು ಅಂದ್ರ ದೇವರಿಗೆ ಸ್ತೋತ್ರ ಬ್ಯಾಡೇನು?"

ಮಾತು ಬಾಯಿಂದ ಬಂದ ಮೇಲೆ ಅವಳೇ ಬೆರಗಾದಳು. ಮನೆಯಿಂದ ಹೊರಡುವಾಗ ಸೊಸೆಯ ಪರ ಒಂದು ಮಾತೂ ಅವಳ ಮನಸ್ಸಿನಲ್ಲಿರಲಿಲ್ಲ.

ಹಿಂದಿನ ಸಾಲಿನಲ್ಲಿ ಮುದುಕಿ ಅಕ್ಕವ್ವ ಕಿವಿಗೆ ಕೈಯಿಟ್ಟು ಕೇಳಿದಳು: "ಏನಂದಿ ರಾಧಾ? ನಮ್ಮ ವಡಗಾವಿ ಹುಡುಗಿ ಗ್ರೀಕ್ ಓದ್ಯಾಳ?"

"ಓದ್ಯಾಳ."

"ಅದರಾಗ ಪಾಸೂ ಆಗ್ಯಾಳ?"

"ಆಗ್ಯಾಳ, ಅಕ್ಕವ್ವ."

"ಹಂಗಾರ ಅಕಿ ಹೆಸರು ಹೇಳ್ರಿ, ಮಾರ್ತಾಂಡ. ಶಿರಾ ಆರಾಕತ್ತೈತಿ."

ಹೆಂಗಸರ ಕಡೆಯಿಂದ ನಗು ಎದ್ದಿತು. ಗಂಡಸರಲ್ಲಿ ಇಬ್ಬರು ಎದ್ದು ಹೊರಗೆ ಹೋದರು, ಉಳಿದವರು ಕುಳಿತರು. ಮಾರ್ತಾಂಡ ಮತ್ತೆ ಕಣ್ಣು ಮುಚ್ಚಿ, ಪ್ರಾರ್ಥನೆಯನ್ನು ಮೊದಲಿನಿಂದ ಹಿಡಿದು, ಹೆಸರು ಬರುವ ಕಡೆ "ಕುಮುದಿನಿ" ಎಂದರು. ಈ ಸಲ ರಾಧಾಬಾಯಿ "ಆಮೆನ್" ಅಂದಳು.

ಮರುದಿನ ಅವಳು ಸೊಸೆಯ ಹೆಸರಿಗೇ ಕಾಗದ ಬರೆದಳು. ನಿನ್ನ ಮೇಲೆ ಕೆಟ್ಟ ಅನುಮಾನ ಪಟ್ಟೆ ಎಂಬುದನ್ನು ಮುಚ್ಚಿಡಲಿಲ್ಲ. ಅವನು ಈಗಲೂ ಅಳುತ್ತಾನೆಯೇ, ನಿಜ ಹೇಳು ಎಂದು ಕೇಳಿದಳು.

ಮೂರು ವಾರದ ಮೇಲೆ ಬಂದ ಲಕೋಟೆಯಲ್ಲಿ ಕಾಗದದ ಜೊತೆ ಒಂದು ಫೋಟೋ ಇತ್ತು. ಹುಲ್ಲಿನ ಮೇಲೆ ಹನ್ನೊಂದು ಮಂದಿ ಕರಿ ನಿಲುವಂಗಿಯವರು. ಅವರ ನಡುವೆ ಭುಜದಿಂದ ಜಾರಿದ ನಿಲುವಂಗಿಯಲ್ಲಿ ಕುಮುದಿನಿ, ಅವಳ ಪಕ್ಕದಲ್ಲಿ ಬಿಳಿ ಏಪ್ರನ್ ಕಟ್ಟಿಕೊಂಡು ಸೌಟು ಹಿಡಿದ ಪಂಢರಿ. ರಾಧಾಬಾಯಿ ಕಾಗದ ಬಿಚ್ಚುವ ಮೊದಲು ಫೋಟೋವನ್ನು ಕಿಟಕಿಯ ಹತ್ತಿರ ಒಯ್ದು, ಪಕ್ಕದ ಸೊಸೆಯನ್ನು ಹೆಬ್ಬೆರಳಿನಿಂದ ಮುಚ್ಚಿ, ಮಗನ ಮುಖವೊಂದನ್ನೇ ನೋಡಿದಳು. ಮೈತುಂಬಿಕೊಂಡಿದ್ದ. ಹಲ್ಲು ಕಾಣುವಂತೆ ನಗುತ್ತಿದ್ದ. ಅದು ಬಲವಂತದ ನಗುವೇ ಎಂದು ಬಹಳ ಹೊತ್ತು ಪರೀಕ್ಷಿಸಿದಳು. ಆಮೇಲೆ ಮೆಲ್ಲಗೆ ಹೆಬ್ಬೆರಳನ್ನು ತೆಗೆದಳು.