ಕೆಡ್ರಿಕ್‌ನ ಜಾಗ

"ಇನ್ನೊಬ್ಬ ಬಂದ, ಅಕ್ಕ," ಎಂದ ಲೆಮ್, ಫೋನಿನಿಂದ ಕಣ್ಣೆತ್ತದೆ.

ವರ್ನೆಟ್ಟಾ ಒಲೆಯ ಮುಂದೆ ನಿಂತು ಜೋಳದ ನುಚ್ಚಿನ ಗಂಜಿ ತಿರುವುತ್ತಿದ್ದಳು. ಸೌಟು ಹಾಗೇ ನಿಂತಿತು. "ಯಾವ ಜಾಗಕ್ಕೆ?"

"ಯಾವ ಜಾಗಕ್ಕೆ ಅಂತ ಬೇರೆ ಕೇಳ್ತೀಯಲ್ಲ. ನಮ್ಮ ಕೆಡ್ರಿಕ್‌ನ ಜಾಗಕ್ಕೇ. ಟೆಕ್ಸಾಸ್‌ನೋನು, ಟ್ರೇವಿನ್ ಮೇಬೆರಿ ಅಂತ. ಹೊಸ ಕೋಚು ತನ್ನ ಹಳೇ ಕಾಲೇಜಿಂದ ಜೊತೇಲೇ ಕರ್ಕೊಂಡು ಬರ್ತಿದಾನೆ. ಒಳ್ಳೆ ಗೂಳಿ ಇದ್ದಂಗಿದಾನೆ, ನೋಡಿಲ್ಲಿ."

ಅವಳು ನೋಡಲಿಲ್ಲ. ಗಂಜಿ ತಳ ಹಿಡಿದ ವಾಸನೆ ಬಂದಾಗ ಒಲೆ ಆರಿಸಿದಳು.

"ನಿನ್ನ ಹೆಂಡ್ತಿ ಹುಟ್ಟಿದ ದಿನ ಯಾವತ್ತು ಅಂತ ನಿನಗೆ ಗೊತ್ತಿಲ್ಲ," ಎಂದಳು ತಮ್ಮನಿಗೆ. "ಟೆಕ್ಸಾಸಲ್ಲಿರೋ ಯಾರದೋ ಮಗನ ತೂಕ ಎಷ್ಟು ಅಂತ ಗೊತ್ತು."

"ಹೆಂಡ್ತಿ ಓಡಿಹೋಗಲ್ಲ ಅಕ್ಕ. ಆಟಗಾರರು ಓಡಿಹೋಗ್ತಾರೆ."

ಆ ಚಳಿಗಾಲ ಟಿಲ್ಮನ್ ಊರಲ್ಲಿ ಬೇರೆ ಮಾತೇ ಇರಲಿಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲಿನಲ್ಲಿ ಕಾರ್ವೆಲ್ ಸ್ಟೇಟ್ ಕಾಲೇಜಿನ ತಂಡ ಸೋತು ಸೋತು, ಕಾಲೇಜಿನವರು ಹಳೆಯ ಕೋಚನ್ನು ಓಡಿಸಿದ್ದರು. ಹೊಸಬ ಕೈಯಲ್ಲಿ ಪೊರಕೆ ಹಿಡಿದುಕೊಂಡೇ ಬಂದ. ಕೆಲವರಿಗೆ ಬೇರೆ ಕಾಲೇಜು ನೋಡಿಕೊಳ್ಳಿ ಎಂದು ಹೇಳಿದ. ಕೆಲವರು ಹೇಳಿಸಿಕೊಳ್ಳುವ ಮೊದಲೇ ಗಂಟುಮೂಟೆ ಕಟ್ಟಿದರು. ದಿನ ಬೆಳಗಾದರೆ ಒಬ್ಬ ಹೋದ, ಇಬ್ಬರು ಬಂದರು. ಕ್ಷೌರದಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಭಾನುವಾರ ಚರ್ಚು ಬಿಟ್ಟ ಮೇಲೆ ಕಾರುಗಳ ನಡುವೆ ನಿಂತು, ಯಾರನ್ನು ಇಟ್ಟುಕೊಳ್ಳಬೇಕು ಯಾರನ್ನು ಬಿಡಬೇಕು ಎಂದು ಗಂಡಸರು ಸಂತೆಯಲ್ಲಿ ದನ ಆರಿಸುವವರ ಹಾಗೆ ವಾದ ಮಾಡುತ್ತಿದ್ದರು. ಅವರಿಗೆ ಅದು ಆಟ. ಆ ತಂಡದಲ್ಲಿ ಮಗನಿದ್ದ ವರ್ನೆಟ್ಟಾಳಿಗೆ ಒಂದೊಂದು ಹೊಸ ಹೆಸರೂ ಹೊಸ್ತಿಲ ಮೇಲೆ ಬಿದ್ದ ಅಪರಿಚಿತ ಹೆಜ್ಜೆಯಂತೆ ಕೇಳುತ್ತಿತ್ತು.

ಕೆಡ್ರಿಕ್ ನಡೆಯಲು ಕಲಿತ ವರ್ಷ ಅವನ ಅಪ್ಪ ಮರದ ದಿಮ್ಮಿಯ ಲಾರಿ ಉರುಳಿ ಸತ್ತಿದ್ದ. ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಬಡಿಸಿ ಅವಳು ತನ್ನ ಮಗನನ್ನು ಬೆಳೆಸಿದಳು. ಅವನು ಬೆಳೆದದ್ದೂ ಹಾಗೆಯೇ, ಬಾಗಿಲಿಗೆ ತಲೆ ತಾಗುವಷ್ಟು. ಕಾರ್ವೆಲ್‌ನವರು ಕರೆದು ಓದು, ಊಟ, ವಸತಿ ಎಲ್ಲ ನಮ್ಮದು ಎಂದರು. ಎರಡು ವರ್ಷ ಅವನು ಬದಿಯ ಬೆಂಚಿನಲ್ಲಿ ಕುಳಿತ. ಈ ಸಲವಷ್ಟೇ ನಡುವಿನ ಜಾಗ ಸಿಕ್ಕಿತ್ತು: ಎದುರಾಳಿ ಚೆಂಡು ಹಿಡಿದು ನುಗ್ಗಿದರೆ ಅಡ್ಡಬಿದ್ದು ಕೆಡವುವ ಜಾಗ. ಅವನು ಕೆಡವಿದಾಗಲೆಲ್ಲ ಲೆಮ್ ಕುರ್ಚಿಯಿಂದ ಹಾರುತ್ತಿದ್ದ. ಅವಳು ಮಾತ್ರ ಮಗ ಏಳುವುದನ್ನು ಕಾಯುತ್ತಿದ್ದಳು.

ಕ್ರಿಸ್‌ಮಸ್ಸಿಗೆ ಬಂದ ಮಗನಲ್ಲಿ ಏನೋ ಸರಿಯಿರಲಿಲ್ಲ. ಮನೆಯೊಳಗೂ ತಲೆ ಮೇಲೆ ಮುಸುಕು ಹೊದ್ದುಕೊಂಡಿರುತ್ತಿದ್ದ. ತಿಂಡಿಗೆ ಕರೆದರೆ ಬಂದು ಕೂರುತ್ತಿದ್ದ, ತಟ್ಟೆ ನೋಡುತ್ತ ಕೂತೇ ಇರುತ್ತಿದ್ದ. ಚರ್ಚಿನಲ್ಲಿ ಹಾಡು ಏರಿ ಡ್ರಮ್ಮು ಶುರುವಾಗುತ್ತಿದ್ದಂತೆ ಕಿವಿ ಮುಚ್ಚಿಕೊಂಡು ಎದ್ದು ಹೊರಗೆ ಹೋದ. ಏನೋ ಎಂದರೆ, "ಏನಿಲ್ಲಮ್ಮ, ನಿದ್ದೆ ಸಾಲದು," ಎಂದ.

ಹೊಸ ವರ್ಷದ ಹಿಂದಿನ ಮಧ್ಯಾಹ್ನ ಹಾಲು ತರಲು ಕಾರು ತೆಗೆದುಕೊಂಡು ಹೋದವನು ತಿರುಗಿ ಬರಲಿಲ್ಲ. ಅಂಗಡಿ ದೂರವೇನಲ್ಲ. ಫೋನು ಎತ್ತಲಿಲ್ಲ. ಅವಳು ಕೋಟು ಹಾಕಿಕೊಂಡು ನಡೆದೇ ಹೊರಟಳು. ಚರ್ಚಿನ ಬಳಿ ದಾರಿ ಎರಡಾಗುವಲ್ಲಿ ಅವಳ ಕಾರು ನಿಂತಿತ್ತು, ಎಂಜಿನ್ ಓಡುತ್ತಲೇ ಇತ್ತು. ಒಳಗೆ ಕೆಡ್ರಿಕ್ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ನೇರ ನೋಡುತ್ತಿದ್ದ. ಪಕ್ಕದ ಸೀಟಿನಲ್ಲಿ ಹಾಲಿನ ಕ್ಯಾನು.

ಅವಳು ಗಾಜು ತಟ್ಟಿದಳು. ಅವನು ಬೆಚ್ಚಿಬಿದ್ದ. ಗಾಜು ಇಳಿಸಿ ಅವಳ ಮುಖವನ್ನೇ ನೋಡಿದ.

"ಯಾವ ಕಡೆ ತಿರುಗ್ಬೇಕು ಅಂತ ಗೊತ್ತಾಗ್ಲಿಲ್ಲಮ್ಮ," ಎಂದ, ಮೆಲ್ಲಗೆ. "ಆಮೇಲೆ ಗೊತ್ತಾಯ್ತು. ಆಮೇಲೆ ಮತ್ತೆ ಹೋಯ್ತು."

ವರ್ನೆಟ್ಟಾಳ ಕಣ್ಣ ಮುಂದೆ ಹೋಸಿಯಾ ಬಂದು ನಿಂತ. ಒಂದು ಕಾಲದಲ್ಲಿ ಇದೇ ಆಟ ಆಡುತ್ತಿದ್ದ ಹೋಸಿಯಾ ಕ್ರೆನ್ಶಾನ ಫೋಟೋ ಊರಿನ ಪ್ರತಿ ಅಂಗಡಿಯಲ್ಲೂ ಇತ್ತು. ಅವನನ್ನು ಬೀಳಿಸುವವನು ಅಲಬಾಮದಲ್ಲೇ ಇಲ್ಲ ಎನ್ನುತ್ತಿದ್ದರು. ಈಗ ಐವತ್ತೂ ಆಗದ ಅವನಿಗೆ ಮುದುಕಿ ತಾಯಿ ಅಂಗಿಯ ಗುಂಡಿ ಹಾಕುತ್ತಾಳೆ. ಚರ್ಚಿನ ಊಟದಲ್ಲಿ ವರ್ನೆಟ್ಟಾಳೇ ಅವನಿಗೆ ಬಡಿಸಿದ್ದಾಳೆ. ಪ್ರತಿ ಸಲವೂ ಅವನು ನಯವಾಗಿ, "ನೀವು ಯಾರ ಮನೆಯವರಮ್ಮ?" ಎಂದು ಕೇಳುತ್ತಾನೆ.

"ಆ ಕಡೆ ಸರಿ," ಎಂದಳು ಮಗನಿಗೆ. ಕಾರನ್ನು ತಾನೇ ಓಡಿಸಿಕೊಂಡು ಬಂದಳು. ಮನೆ ಮುಂದೆ ನಿಲ್ಲಿಸಿದ ಮೇಲೂ ಇಬ್ಬರೂ ಇಳಿಯಲಿಲ್ಲ.

ಅವನು ಆಗ ಹೇಳಿದ. ನವೆಂಬರಿನಲ್ಲಿ ಒಬ್ಬನನ್ನು ಕೆಡವುವಾಗ ತಲೆಗೆ ತಲೆ ಬಡಿದಿತ್ತಂತೆ. ಕಣ್ಣು ಕತ್ತಲಾಗಿ ಮತ್ತೆ ಬೆಳಕಾಗುವಷ್ಟರಲ್ಲಿ ಅವನು ನಿಂತಿದ್ದನಂತೆ. ಹೇಗೆ ಎದ್ದೆ ಎಂದು ನೆನಪಿಲ್ಲ. ಮುಂದಿನ ವಾರ ಇನ್ನೊಂದು ಪೆಟ್ಟು. ಯಾರಿಗೂ ಹೇಳಲಿಲ್ಲ.

"ಯಾಕೋ ಹೇಳ್ಲಿಲ್ಲ?"

"ಯಾರಿಗಮ್ಮ ಹೇಳೋದು? ಹಳೇ ಕೋಚು ಹೋಗೋರಲ್ಲಿದ್ರು, ಹೊಸಬ್ರು ಬರೋರಲ್ಲಿದ್ರು. ಡಾಕ್ಟರ ಕಿವಿಗೆ ಬಿದ್ರೆ ಮುಗೀತು. ಆ ಟೆಕ್ಸಾಸ್‌ನೋನು ಬಾಗಿಲಲ್ಲೇ ನಿಂತಿದಾನೆ." ಅವಳ ಕೈ ಹಿಡಿದುಕೊಂಡ. ಇಷ್ಟು ದೊಡ್ಡ ಕೈ ತಣ್ಣಗೆ ಕೊರೆಯುತ್ತಿತ್ತು. "ಸರಿಹೋಗುತ್ತಮ್ಮ. ದಿನಾ ಸ್ವಲ್ಪ ಸರಿಹೋಗ್ತಿದೆ. ಯಾರಿಗೂ ಹೇಳ್ಬೇಡ. ಮಾವನಿಗೆ ಕೂಡ. ನನ್ನಾಣೆ."

ಅವಳು ಮಾತು ಕೊಡದೆ ಹಾಲಿನ ಕ್ಯಾನು ತೆಗೆದುಕೊಂಡು ಇಳಿದಳು.

ಅಂದಿನಿಂದ ಅವಳ ಹೆದರಿಕೆ ತಿರುಗಿ ನಿಂತಿತು. ಲೆಮ್ ಬಂದು, "ಆ ಟೆಕ್ಸಾಸ್ ಹುಡುಗನಿಗೆ ಮಂಡಿ ನೋವಂತೆ, ಬರ್ತಾನೋ ಇಲ್ವೋ," ಎಂದು ಹಿಗ್ಗಿದರೆ ಅವಳ ಎದೆ ಧಸಕ್ಕೆನ್ನುತ್ತಿತ್ತು. ಬರುತ್ತಾನೆ ಎಂದರೆ ಉಸಿರು ಬಿಡುತ್ತಿದ್ದಳು. ಮಗನ ಜಾಗವನ್ನು ಯಾರಾದರೂ ಕಿತ್ತುಕೊಳ್ಳಲಿ ಎಂದು ಬೇಡುವ ತಾಯಿ ಪ್ರಪಂಚದಲ್ಲಿ ಉಂಟೇ ಎಂದು ಪಾತ್ರೆ ತೊಳೆಯುತ್ತ ತನ್ನನ್ನೇ ಬೈದುಕೊಂಡಳು. ಆದರೂ ಬೇಡಿದಳು.

ರಜೆ ಮುಗಿಯುವ ಮೊದಲು ಒಂದು ಶನಿವಾರ ತಂಡದ ಸಹಾಯಕ ಕೋಚ್ ಹಾಲೆಟ್ ಮನೆಗೇ ಬಂದ. ಮೂವತ್ತರ ಬಿಳಿಯ, ಕೆಂಪು ಕತ್ತು, ಬಹಳ ಮರ್ಯಾದಸ್ಥ. ಹೊಸಬರನ್ನು ತರಲು ಹರಿಸುವಷ್ಟೇ ಬೆವರನ್ನು ತಂಡದಲ್ಲಿ ಇರುವವರನ್ನು ಉಳಿಸಿಕೊಳ್ಳಲೂ ಕೋಚುಗಳು ಹರಿಸಬೇಕಾದ ಕಾಲವಿದು ಎಂದು ಲೆಮ್ ಮೊದಲೇ ಹೇಳಿದ್ದ. ತಾನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕುಳಿತಿದ್ದ. ವರ್ನೆಟ್ಟಾ ಕೋಳಿ ಕರಿದು, ಸೊಪ್ಪು ಬೇಯಿಸಿ, ಪೀಚ್ ಹಣ್ಣಿನ ಕಡುಬು ಮಾಡಿದ್ದಳು. ಕೋಚ್ ಎರಡು ಸಲ ಹಾಕಿಸಿಕೊಂಡ.

"ಟ್ರೇವಿನ್ ಬರ್ತಿರೋದು ನಿಜ, ಮೇಡಂ," ಎಂದ. "ಅದ್ರಿಂದ ನಿಮಗೆ ಬೇಜಾರಾಗಿರುತ್ತೆ. ಆದ್ರೆ ನಾವು ಕೂತು ಎಲ್ಲಾ ಆಟ ನೋಡಿದೀವಿ. ಜಾಗ ಕೆಡ್ರಿಕ್‌ದು. ಇವನು ಬೇರೆ ಕಡೆ ಹೋಗ್ಬಾರ್ದು ಅಂತ ಕೇಳ್ಕೊಳ್ಳೋಕೇ ನಾನು ಇಷ್ಟು ದೂರ ಬಂದಿದ್ದು."

ಲೆಮ್ ಮೇಜು ಗುದ್ದಿದ. "ಹೇಳ್ಲಿಲ್ವಾ ಅಕ್ಕ ನಾನು!"

ಕೆಡ್ರಿಕ್ ನಗುತ್ತಿದ್ದ. ಎಷ್ಟೋ ದಿನಗಳ ಮೇಲೆ ಅವನ ಹಲ್ಲು ಕಂಡವು. ಡಿಸೆಂಬರ್ ಪೂರ್ತಿ ಅವಳು ದೇವರ ಮುಂದೆ ಮಂಡಿಯೂರಿ ಕೇಳಿಕೊಂಡಿದ್ದ ಮಾತೇ ಅದು. ಈಗ ಅದು ಬಡಿಸಿದ ತಟ್ಟೆಯ ಹಾಗೆ ಮುಂದೆ ಬಂದಿತ್ತು, ಅವಳಿಗೆ ಬೇಡವಾದ ಮೇಲೆ.

"ಮೈ ಎಲ್ಲಾ ಸರಿಯಿದೆಯೇನೋ?" ಕೋಚ್ ಕೇಳಿದ, ಚಮಚ ನೆಕ್ಕುತ್ತ.

"ಕಲ್ಲುಗುಂಡು ಇದ್ದಂಗಿದೀನಿ, ಕೋಚ್."

"ಇಲ್ಲ," ಎಂದಳು ವರ್ನೆಟ್ಟಾ.

ಮೂವರೂ ಅವಳತ್ತ ತಿರುಗಿದರು. "ತಲೆಗೆ ಪೆಟ್ಟು ಬಿದ್ದಿದೆ ಇವನಿಗೆ. ಎರಡು ಸಲ. ಮನೆ ದಾರಿ ಮರೀತಾನೆ."

ಕೋಚ್ ಚಮಚ ಕೆಳಗಿಟ್ಟ. ಅವಳನ್ನು ನೋಡಲಿಲ್ಲ, ಕೆಡ್ರಿಕ್‌ನನ್ನು ನೋಡಿದ. ಆಮೇಲೆ ನಿಧಾನವಾಗಿ, ಅದೇ ಮರ್ಯಾದೆಯ ದನಿಯಲ್ಲಿ ಹೇಳಿದ: "ಮೇಡಂ, ನಾನೀಗ ಎದ್ದು ಕೈ ತೊಳ್ಕೊಂಡು ಬರ್ತೀನಿ. ಬಂದ್ಮೇಲೆ ನೀವು ಇದೇ ಮಾತು ಇನ್ನೊಂದ್ಸಲ ಹೇಳಿದ್ರೆ ನಾನು ಡಾಕ್ಟರಿಗೆ ಹೇಳ್ಲೇಬೇಕು. ಡಾಕ್ಟ್ರು ಏನು ಮಾಡ್ತಾರೋ ನನ್ನ ಕೈಲಿಲ್ಲ. ಹೇಳ್ದೇ ಇದ್ರೆ, ತಾಯಿ ಕರುಳು, ಏನೋ ಹೆದರಿಕೊಂಡಿದ್ರು ಅಂತ ತಿಳ್ಕೋತೀನಿ."

ಅವನು ಒಳಗೆ ಹೋದ. ನಲ್ಲಿ ಬಿಟ್ಟ ಸದ್ದು ಕೇಳಿತು.

"ಹುಚ್ಚು ಹಿಡಿದಿದೆಯಾ ನಿನಗೆ?" ಲೆಮ್ ಪಿಸುಗುಟ್ಟಿದ. "ತುತ್ತು ಬಾಯಿಗೆ ಬಂದಾಗ... ಬಾಯ್ಮುಚ್ಕೊಂಡಿರು ಅಕ್ಕ. ಎಲ್ಲಾ ಹುಡುಗ್ರಿಗೂ ಪೆಟ್ಟು ಬೀಳುತ್ತೆ!"

"ಹೋಸಿಯಾಗೂ ಬಿದ್ದಿತ್ತು," ಎಂದಳು.

ಲೆಮ್ ತಟ್ಟೆ ದೂರ ತಳ್ಳಿದ.

"ಅಮ್ಮ." ಕೆಡ್ರಿಕ್ ಮೇಜಿನ ಮೇಲೆ ಬಾಗಿದ್ದ. ಕಣ್ಣು ತುಂಬಿಕೊಂಡಿತ್ತು. "ಕಾಲು ಹಿಡ್ಕೋತೀನಿ. ಆಟ ಬಿಟ್ರೆ ನಾನು ಯಾರಮ್ಮ? ಸುಮ್ಮನಿದ್ದುಬಿಡು, ಅಷ್ಟೇ. ಇವತ್ತು ನೀನು ಹೇಳಿದ್ರೆ ನಾನು ಜನ್ಮದಲ್ಲಿ ನಿನ್ನ ಕ್ಷಮಿಸಲ್ಲ."

ಅವಳು ಅವನನ್ನೇ ನೋಡಿದಳು. ಅವನು ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತಿತ್ತು. ತಾನೇ ತಪ್ಪು ತಿಳಿದಿರಬಹುದು. ನಿಜಕ್ಕೂ ದಿನದಿಂದ ದಿನಕ್ಕೆ ಸರಿಹೋಗುತ್ತಿರಬಹುದು. ಇಂಥ ಬಾಗಿಲು ಇನ್ನೊಮ್ಮೆ ತೆರೆಯುವುದಿಲ್ಲ. ಹೇಳಿದರೂ ಕಳೆದುಕೊಳ್ಳುತ್ತೇನೆ, ಹೇಳದಿದ್ದರೂ ಕಳೆದುಕೊಳ್ಳುತ್ತೇನೆ ಎನ್ನಿಸಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಳಗೆ ನೀರು ಸುರಿಯುತ್ತಲೇ ಇತ್ತು. ಒಂದು ಜೊತೆ ಕೈ ತೊಳೆಯಲು ಅಷ್ಟು ನೀರು ಬೇಡ. ಆ ಮನುಷ್ಯನೂ ಅಲ್ಲಿ ಕನ್ನಡಿಯ ಮುಂದೆ ಸುಮ್ಮನೆ ನಿಂತಿರಬೇಕು.

ನಲ್ಲಿ ನಿಂತಿತು. ಕೋಚ್ ಬಂದು ಕುಳಿತ.

ವರ್ನೆಟ್ಟಾ ಮತ್ತೆ ಹೇಳಿದಳು. ಈ ಸಲ ಪೂರ್ತಿ ಹೇಳಿದಳು: ಕಾರು, ಹಾಲು, ದಾರಿ ಎರಡಾಗುವ ಜಾಗ, ಎಲ್ಲವನ್ನೂ. ಅವಳು ಮುಗಿಸುವ ಮೊದಲೇ ಕೆಡ್ರಿಕ್ ಎದ್ದು ಹೊರಗೆ ಹೋದ. ಬಾಗಿಲು ಗೋಡೆಗೆ ಬಡಿದು ವಾಪಸು ಬಂದು ಮುಚ್ಚಿಕೊಂಡಿತು.

ಕಾಲೇಜಿನ ಡಾಕ್ಟರು ನೋಡಿದರು, ಬರ್ಮಿಂಗ್‌ಹ್ಯಾಮ್‌ನ ದೊಡ್ಡ ಡಾಕ್ಟರಿಗೆ ತೋರಿಸಿದರು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು. ಈಗಿರುವುದು ಪೂರ್ತಿ ಗುಣವಾಗುತ್ತದೆಯೇ ಎಂದರೆ ಅದನ್ನೂ ಹೇಳಲಿಲ್ಲ. ಓದು ಮುಗಿಯುವವರೆಗೆ ಫೀಸು, ಊಟ ಕಾಲೇಜಿನದೇ. ಆಟ ಮಾತ್ರ ಇನ್ನಿಲ್ಲ. ಲೆಮ್‌ನ ಫೋನಿನಲ್ಲಿ ಒಂದೇ ಸಾಲು ಬಂತು, ಕೆಡ್ರಿಕ್ ಟಾಲಿವರ್ ಆರೋಗ್ಯದ ಕಾರಣದಿಂದ ತಂಡದಲ್ಲಿಲ್ಲ ಎಂದು. ಅದರ ಕೆಳಗೇ ಇನ್ನು ಯಾರು ಯಾರು ಬರಬಹುದೆಂಬ ಮಾತು ಶುರುವಾಗಿತ್ತು. ತಾಯಿಯೇ ಮಗನ ಕಾಲು ಕತ್ತರಿಸಿದಳು ಎಂದು ಕ್ಷೌರದಂಗಡಿಯಲ್ಲಿ ಯಾರೋ ಅಂದರಂತೆ. ಯಾರು ಅಂದದ್ದೆಂದು ಲೆಮ್ ಹೇಳಲಿಲ್ಲ. ಅಂದವನ ಮೇಲೆ ಕೈ ಮಾಡಿದೆ ಎಂದಷ್ಟೇ ಹೇಳಿದ.

ಕೆಡ್ರಿಕ್ ಫೋನು ಮಾಡಲಿಲ್ಲ, ಅವಳು ಮಾಡಿದರೆ ಎತ್ತಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಯಾರದೇ ಫೋನು ಸದ್ದಾದರೂ ಅವಳು ಬಡಿಸುವುದನ್ನು ಬಿಟ್ಟು ತಿರುಗಿ ನೋಡುತ್ತಿದ್ದಳು. ಆಟವಿಲ್ಲದ ಹುಡುಗರು ಏನೇನು ಮಾಡಿಕೊಂಡರೆಂಬ ಕಥೆಗಳನ್ನು ಅವಳೂ ಕೇಳಿದ್ದಳು. ಮಾರ್ಚ್ ಕೊನೆಗೆ ಒಂದು ಸಂಜೆ ಅವನದೇ ಫೋನು ಬಂತು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ.

"ಮುಂದಿನ ತಿಂಗಳು ತಂಡದ ಪ್ರಾಕ್ಟೀಸ್ ಮ್ಯಾಚಿದೆ. ಎಲ್ಲಾರ ಮನೆಯೋರೂ ಬರ್ತಾರೆ. ಬರೋದಾದ್ರೆ ಬಾ."

ಅವಳು ಹೋದಳು. ಕೆಡ್ರಿಕ್ ಗೇಟಿನ ಹತ್ತಿರ ಕಾಯುತ್ತಿದ್ದ. ಸೊರಗಿದ್ದ. ಮೆಟ್ಟಿಲು ಹತ್ತಿಸಿ ಪಕ್ಕದಲ್ಲಿ ಕೂರಿಸಿಕೊಂಡ. ಕೆಳಗೆ ಹಸಿರಿನ ಮೇಲೆ, ಅವನು ನಿಲ್ಲುತ್ತಿದ್ದ ಜಾಗದಲ್ಲಿ ಟ್ರೇವಿನ್ ಮೇಬೆರಿ ನಿಂತಿದ್ದ. ಚೆಂಡು ಹಿಡಿದವನು ನುಗ್ಗಿದಾಗಲೆಲ್ಲ ಕೆಡ್ರಿಕ್‌ನ ಭುಜ ತಾನಾಗಿ ಮುಂದಕ್ಕೆ ಬಾಗುತ್ತಿತ್ತು.

ಆಟ ಅರ್ಧವಾಗಿತ್ತು. ಟ್ರೇವಿನ್ ತಲೆ ತಗ್ಗಿಸಿ ನುಗ್ಗಿದ. ಮರಕ್ಕೆ ಕೊಡಲಿ ಬಿದ್ದಂಥ ಸದ್ದು ಮೇಲಿನವರೆಗೂ ಕೇಳಿತು. ಉಳಿದವರು ಎದ್ದರು, ಅವನು ಏಳಲಿಲ್ಲ. ನಾಲ್ಕಾರು ಸಾಲು ಕೆಳಗೆ ಹಳದಿ ಸ್ವೆಟರಿನ ಹೆಂಗಸೊಬ್ಬಳು ಬಾಯಿಗೆ ಕೈ ಒತ್ತಿಕೊಂಡು ನಿಂತುಬಿಟ್ಟಳು. ಅವಳು ಯಾರೆಂದು ಯಾರೂ ಹೇಳಲಿಲ್ಲ, ಹೇಳುವುದು ಬೇಕಿರಲಿಲ್ಲ. ತಾನೂ ಎದ್ದು ನಿಂತಿದ್ದೇನೆಂದು ವರ್ನೆಟ್ಟಾಳಿಗೇ ತಿಳಿದಿರಲಿಲ್ಲ.

ಹುಡುಗ ಮೊದಲು ಒಂದು ಮೊಣಕಾಲೂರಿದ. ಆಮೇಲೆ ಎದ್ದ. ಕೋಚ್ ಹಾಲೆಟ್ ಓಡಿಬಂದು ಅವನ ಹೆಲ್ಮೆಟ್ಟು ಹಿಡಿದು ಒಳಗೆ ಇಣುಕಿ ಏನೋ ಕೇಳಿದ. ಹುಡುಗ ತಲೆಯಾಡಿಸಿ ತನ್ನ ಜಾಗಕ್ಕೆ ನಡೆದ. ಜನ ಚಪ್ಪಾಳೆ ತಟ್ಟಿದರು. ಹಳದಿ ಸ್ವೆಟರಿನವಳು ಕುಸಿದ ಹಾಗೆ ಕುಳಿತಳು.

"ಎದ್ದನಲ್ಲಮ್ಮ," ಎಂದ ಕೆಡ್ರಿಕ್. "ಕೂತ್ಕೋ."

ಅವಳು ಕೂರಲಿಲ್ಲ. ಕಣ್ಣು ಆ ಹುಡುಗನ ಮೇಲೇ ನೆಟ್ಟಿತ್ತು.

"ಕೂತ್ಕೊಳ್ರೀ, ಹಿಂದಿನೋರಿಗೆ ಕಾಣ್ಬೇಡ್ವಾ!" ಬೆನ್ನ ಹಿಂದೆ ಯಾರೋ ಕೂಗಿದರು.

ಕೆಡ್ರಿಕ್ ಹಿಂತಿರುಗಿ ಕೂಗಿದವನನ್ನು ನೋಡಿದ. ಆಮೇಲೆ ಮುಂದಿನ ಕಂಬಿ ಹಿಡಿದುಕೊಂಡು, ನಿಧಾನವಾಗಿ, ತಾನೂ ಎದ್ದು ಅವಳ ಪಕ್ಕದಲ್ಲಿ ನಿಂತ.