ಒಂದೂವರೆಯ ಗೆರೆ

ಇಳಿಯಿತು, ಗಂಟಲ ಕೆಳಗಿನ ಆ ಕುಳಿ ಹೆಬ್ಬೆರಳು ಹಿಡಿಸುವಷ್ಟು ಒಳಕ್ಕೆ ಇಳಿಯಿತು, ಮತ್ತೆ ಮೇಲೆ ಬಂತು, ಗಂಡ ಉಸಿರಾಡುತ್ತಿದ್ದಾನೆ, ಆಡುವುದೆಲ್ಲಿ ಬಂತು, ಬಾವಿಯಿಂದ ಕೊಡ ಜಗ್ಗಿದ ಹಾಗೆ ಜಗ್ಗುತ್ತಿದ್ದಾನೆ — ಮಂಚದ ಪಕ್ಕದ ಆಕ್ಸಿಜನ್ ಯಂತ್ರ ಗುರುಗುಡುತ್ತಿದೆ, ಅದರ ಕೊಳವೆಯೊಳಗಿನ ಪುಟ್ಟ ಗುಂಡು ಒಂದೂವರೆಯ ಗೆರೆಯಲ್ಲಿ ನಡುಗುತ್ತ ನಿಂತಿದೆ, ಅದಕ್ಕಿಂತ ಕೂದಲೆಳೆಯಷ್ಟೂ ಏರಿಸಬೇಡಿ ಎಂದು ಆಣೆ ಹಾಕಿಸಿಕೊಂಡು ಹೋಗಿದ್ದಾಳೆ ನರ್ಸ್, ಆದರೂ ಹೆಂಡತಿಯ ಕೈ ಗುಂಡು ಏರಿಸುವ ತಿರುಪಿನ ಕಡೆಗೇ ಹೋಗುತ್ತದೆ, ದರ್ಜಿಯ ಕೈ, ನಲವತ್ತು ವರ್ಷ ಹೊಲಿದ ಅಂಗಿಗೆಲ್ಲ ಒಂದಿಂಚು ಹೆಚ್ಚೇ ಬಿಟ್ಟ ಕೈ, ಹೆಚ್ಚಾದ್ರೆ ಒಳಗೆ ಮಡಚಬಹುದು ಕಣೇ, ಕಡಿಮೆ ಬಿದ್ರೆ ಎಲ್ಲಿಂದ ತರ್ತೀಯ, ಕತ್ತರಿ ಹಿಡಿಯಲು ಕಲಿಸಿದ ಅತ್ತೆಯ ಮಾತು, ಅದನ್ನೇ ನಂಬಿ ಹೋದ ವಾರ ಗುಂಡನ್ನು ನಾಲ್ಕಕ್ಕೆ ಏರಿಸಿದ್ದಳು, ಪಾಪ, ಮರ ಉಜ್ಜಿ ಉಜ್ಜಿ ಎದೆಗೂಡಿಗೆ ಹುಡಿ ತುಂಬಿಕೊಂಡ ಬಡಗಿ, ಒಂದು ದಿನವಾದರೂ ಹೊಟ್ಟೆ ತುಂಬ ಉಸಿರು ಉಣ್ಣಲಿ ಎಂದು — ಕುಳಿ ಇಳಿಯಿತು, ಬಂತು — ಉಂಡ, ಹಾಯಾಗಿ ಮಲಗಿದ, ಮುಖ ಕೆಂಪಗೆ, ಅಂಗೈ ಬೆಚ್ಚಗೆ, ಆ ಖುಷಿಗೆ ಅವಳು ಎರಡು ಕಾಲರು ಹೊಲಿದು ಮುಗಿಸಿದಳು, ಥೂ, ಎಂಥ ಖುಷಿ, ಚಹಾ ಆರುತ್ತೆ ಏಳಿ ಅಂದರೆ ಏಳಲಿಲ್ಲ, ಭುಜ ಹಿಡಿದು ಅಲುಗಿಸಿದರೂ ಏಳಲಿಲ್ಲ, ಮೂರು ದಿನ ಆಸ್ಪತ್ರೆ.

ಎದುರು ಮನೆಯ ಆ ನರ್ಸೇ ಆಮೇಲೆ ಕೂರಿಸಿಕೊಂಡು ಹೇಳಿದ್ದು, ಅಮ್ಮಾ, ನಮಗೆಲ್ಲ ಒಳಗೆ ಕೆಟ್ಟ ಗಾಳಿ ಹೆಚ್ಚಾದ ಕೂಡಲೇ ಅದು ಮೆದುಳನ್ನು ಉಸಿರೆಳಿ ಅಂತ ತಿವಿಯುತ್ತೆ, ಇವರಲ್ಲಿ ಅದು ವರ್ಷಗಟ್ಟಲೆ ತುಂಬಿಕೊಂಡೇ ಇದ್ದು ಈಗ ತಿವಿದರೂ ಮೆದುಳಿಗೆ ನಾಟಲ್ಲ, ಒಳ್ಳೆ ಗಾಳಿ ಸ್ವಲ್ಪ ಕಡಿಮೆ ಇದ್ರೇನೇ ಎಚ್ಚರ, ನೀವು ಭರ್ತಿ ಮಾಡಿಟ್ರೆ ಮೆದುಳು ಉಸಿರೆಳೆಯೋದನ್ನೇ ಮರೆತು ತೂಕಡಿಸುತ್ತೆ. ಪ್ರೀತಿ ಮಾಡಿದರೂ ತಪ್ಪೇ ಹಾಗಾದರೆ, ಅಳತೆ ಗೊತ್ತಿಲ್ಲದ ಪ್ರೀತಿ — ಏರಿಸೇ, ಅನ್ನುತ್ತಾನೆ ಗಂಡ, ಒಂಚೂರು, ಎರಡು ಮಾತಿನ ನಡುವೆ ಮೂರು ಉಸಿರು. ಆಗಲ್ಲ ರೀ, ನರ್ಸ್ ಬಯ್ತಾಳೆ. ನಿನ್ನ ಗಂಡ, ಕುಳಿ ಇಳಿಯಿತು, ನಾನಾ, ಬಂತು, ನರ್ಸಾ. ಇಂಥ ಹೊತ್ತಲ್ಲೂ ಮಾತಿಗೆ ಕಮ್ಮಿಯಿಲ್ಲ, ನಗು ಬಂತು, ಎರಡು ಕೈಯನ್ನೂ ತೊಡೆಯಡಿ ಒತ್ತಿ ಕೂತಳು, ಅವನು ಕಣ್ಣನ್ನು ಛಾವಣಿಗೆ ತಿರುಗಿಸಿಕೊಂಡ, ಮುನಿಸಿಕೊಳ್ಳಲಿ, ಮುನಿಯಲಿಕ್ಕೂ ಎಚ್ಚರ ಬೇಕಲ್ಲ, ಅವನ ಪಾಡು ಎಂಥದೋ ನೋಡೋಣ ಎಂದು ತಾನೂ ಉಸಿರು ಬಿಗಿಹಿಡಿದಳು, ಐವತ್ತು ಎಣಿಸುವುದರೊಳಗೆ ಕಿವಿ ಗುಂಯ್ ಎಂದು ಎದೆ ಒದ್ದಾಡಿ ಮೈ ಇವಳನ್ನು ಕೇಳದೆಯೇ ಗಬಕ್ಕನೆ ಎಳೆದುಕೊಂಡಿತು, ಎಷ್ಟು ಸಲೀಸು, ನಾಚಿಕೆಯಾಗುವಷ್ಟು ಸಲೀಸು, ಅವನದು ಇಳಿಯಿತು, ಕೈ ತೊಡೆಯಡಿಯೇ ಇದೆ, ಕುಳಿ ಇಳಿದು ನಿಂತಿದೆ, ಬರುತ್ತೆ, ಬಾ, ಆ ಕುಳಿ —