ಉಗುರುಬಣ್ಣದ ಗುರುತು

ಬಕೆಟ್ಟಿನ ನೀರಿನಲ್ಲಿ ಗಾಳಿ ತುಂಬಿದ ಹಿತ್ತಾಳೆಯ ವಾಲ್ವನ್ನು ಮುಳುಗಿಸಿ ಹಿಡಿದು ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ನಲವತ್ತೊಂದು, ನಲವತ್ತೆರಡು. ಹಿಂದಿನ ಮೂರು ವಾಲ್ವುಗಳು ಇಪ್ಪತ್ತು ದಾಟುವುದರೊಳಗೆ ಗುಳ್ಳೆ ಬಿಟ್ಟಿದ್ದವು. ಮಣಿಕಟ್ಟಿನವರೆಗೂ ಕೈ ಮರಗಟ್ಟಿತ್ತು.

"ಇನ್ನೂ ಸ್ನಾನ ಮುಗೀಲಿಲ್ವಾ ನಿನ್ನ ಕೂಸಿಗೆ?" ಅಣ್ಣ ಬಾಗಿಲಿಗೆ ಒರಗಿ ನಿಂತು ಕೇಳಿದ.

ಐವತ್ತೆಂಟು, ಐವತ್ತೊಂಬತ್ತು. ಅರವತ್ತು. ಒಂದು ಗುಳ್ಳೆಯೂ ಏಳಲಿಲ್ಲ.

"ಸೋರ್ತಿಲ್ಲ," ಎಂದಳು, ಬಕೆಟ್ಟನ್ನೇ ನೋಡುತ್ತ.

"ಬಕೆಟ್ಟಿಗೆ ಹೇಳೋ ಬದಲು ನನ್ನ ಮುಖ ನೋಡಿ ಹೇಳಿದ್ರೆ ನಾಲಿಗೆ ಸವೆದು ಹೋಗುತ್ತಾ?"

ಅವಳು ವಾಲ್ವನ್ನು ಸೆರಗಿನಿಂದ ಒರೆಸಿ, ಬೆಂಚಿನ ಮೇಲೆ ತೆರೆದಿಟ್ಟಿದ್ದ ನೋಟ್ ಪುಸ್ತಕದಲ್ಲಿ ತಾರೀಕು ಹಾಕಿ 'ಅರವತ್ತು, ಸೊನ್ನೆ' ಎಂದು ಬರೆದಳು. ಅಣ್ಣನಿಗೆ ಅವಳ ಮೇಲೆ ಸಿಟ್ಟು ಬರುತ್ತಿದ್ದುದೇ ಇಂಥದ್ದಕ್ಕೆ. ಬೈದರೂ ಬರೆಯುತ್ತಾಳೆ, ಹೊಗಳಿದರೂ ಬರೆಯುತ್ತಾಳೆ. ಡಿಗ್ರಿ ಮುಗಿಸಿ ಎರಡು ವರ್ಷ ಆಗಿತ್ತು. ಆ ಎರಡು ವರ್ಷದಲ್ಲಿ ಅವಳು ಮನೆಯಲ್ಲಿ ಆಡಿದ ಮಾತೆಲ್ಲ ಒಟ್ಟು ಮಾಡಿದರೆ ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಸುತ್ತದೆ ಎಂದು ಅವನು ನೆಂಟರ ಮುಂದೆಲ್ಲ ಆಡಿಕೊಳ್ಳುತ್ತಿದ್ದ.

ಅಪ್ಪನದು ಪಂಪು ರಿಪೇರಿಯ ಅಂಗಡಿ. ಸೈಕಲ್ ಪಂಪು, ಸ್ಟೌವ್ ಪಂಪು, ಗಿಡಗಳಿಗೆ ಔಷಧಿ ಹೊಡೆಯುವ ಪಂಪು. ಮುಂದಿನ ಕೋಣೆಯಲ್ಲಿ ಅಪ್ಪ ಕೂರುತ್ತಿದ್ದ. ಹಿಂದಿನ ಕೋಣೆಯಲ್ಲಿ ಸಾಮಾನು ಕಚ್ಚಿ ಹಿಡಿಯುವ ವೈಸ್ ಬಿಗಿದ ಉದ್ದನೆಯ ಮರದ ಬೆಂಚು, ಕಿಟಕಿಯ ಕೆಳಗೆ ಲೋಹ ಕಡೆಯುವ ಒಂದು ಸಣ್ಣ ಲೇತು. ಅಪ್ಪನ ಕೆಲಸದಲ್ಲಿ ಊರಿನವರು ಹೇಳುತ್ತಿದ್ದ ತಪ್ಪು ಒಂದೇ. ಎಲ್ಲ ಮುಗಿದ ಮೇಲೂ ಪ್ರತಿ ಸ್ಕ್ರೂವಿಗೆ ಕೊನೆಯದಾಗಿ ಒಂದು ಸುತ್ತು ಕೊಡದೆ ಅಪ್ಪ ಸಾಮಾನನ್ನು ಕೈಬಿಡುತ್ತಿರಲಿಲ್ಲ. "ನಿಮ್ಮಪ್ಪ ಬಿಗಿದದ್ದನ್ನ ಬಿಚ್ಚೋಕೆ ನಿಮ್ಮಪ್ಪನೇ ಬರಬೇಕು ಕಣಮ್ಮ," ಎಂದು ಗಿರಾಕಿಗಳು ನಗುತ್ತಿದ್ದರು. ಅದಕ್ಕೆಂದೇ ಮರದ ಹಿಡಿಯ ಒಂದು ಮೋಟು ಸ್ಕ್ರೂಡ್ರೈವರ್ ಇತ್ತು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಈಗ ಗಿರಾಕಿಗಳೇ ಇರಲಿಲ್ಲ. ಹಿಂದಿನ ಕೋಣೆಯನ್ನು ಖಾಲಿ ಮಾಡಿ ಬಾಡಿಗೆಗೆ ಕೊಡುವುದೆಂದು ಅಪ್ಪ ತೀರ್ಮಾನಿಸಿ ಆಗಿತ್ತು. ಬೆಂಚು, ವೈಸ್, ಲೇತು ಮೂರನ್ನೂ ಒಯ್ಯಲು ಸೋಮವಾರ ಗುಜರಿಯವನು ಬರುವವನಿದ್ದ. "ಕೆಲಸ ತೋರಿಸು, ಬೆಂಚು ಇಟ್ಕೋ. ಆಟ ಆಡ್ಕೊಂಡು ಕೂರೋಕೆ ಬೆಂಚು ಯಾಕೆ?" ಎಂದು ಅಪ್ಪ ಮಗಳಿಗೆ ಹೇಳಿ ಹದಿನೈದು ದಿನವಾಗಿತ್ತು. ಅಷ್ಟು ಹೇಳಿದ ಮೇಲೆ ಹಿಂದಿನ ಕೋಣೆಯ ಕಡೆ ತಲೆ ಕೂಡ ಹಾಕಿರಲಿಲ್ಲ.

ಕೆಲಸ ಎಂದು ತೋರಿಸಲು ಅವಳ ಬಳಿ ಇದ್ದದ್ದು ಆ ವಾಲ್ವು ಕೂರಬೇಕಿದ್ದ ಆಟದ ಬಂದೂಕು ಒಂದೇ. ಊರಾಚೆಯ ಹಳೇ ಗೋದಾಮಿನಲ್ಲಿ ಭಾನುವಾರ ಪ್ಲಾಸ್ಟಿಕ್ ಗುಂಡಿನ ಆಟ ನಡೆಯುತ್ತಿತ್ತು. ಕನ್ನಡಕ, ಮುಖವಾಡ ಹಾಕಿಕೊಂಡು ಎರಡು ಗುಂಪಿನವರು ಒಬ್ಬರಿಗೊಬ್ಬರು ಹೊಡೆದುಕೊಳ್ಳುವ ಏರ್‌ಸಾಫ್ಟ್ ಆಟ. ಅಣ್ಣನಿಗೆ ಅದರ ಹುಚ್ಚು. ಅವನು ಕೊಂಡ ರೈಫಲ್ಲಿನ ಸ್ಪ್ರಿಂಗು ಮುರಿದಾಗ, ಸ್ಪ್ರಿಂಗೇ ಬೇಡ, ಗಾಳಿಯಿಂದಲೇ ಹೊಡೆಯುವಂತೆ ಮಾಡಬಹುದು ಎಂದು ಅವಳು ಪುಸ್ತಕದಲ್ಲಿ ಒಂದು ಚಿತ್ರ ಬರೆದಳು. ಅದನ್ನು ಅವನು ಗೋದಾಮಿನ ಒಡತಿಗೆ ತೋರಿಸಿ ಬಂದ. ಬಂದೂಕು ಸರಿಯಾಗಿ ನಡೆದರೆ, ಆಟಗಾರರಿಗೆ ಬಾಡಿಗೆಗೆ ಕೊಡಲು ಅಂಥವೇ ಆರು ಬೇಕೆಂದು ಆಕೆ ಹೇಳಿದ್ದಳು.

ಚಿತ್ರ ಬರೆಯುವುದು ಸುಲಭವಿತ್ತು. ಲೋಹದ ಸೀಸೆಯಲ್ಲಿ ಗಾಳಿ ತುಂಬಿರುತ್ತದೆ, ಬಂದೂಕಿನ ಕುದುರೆ ಎಳೆದರೆ ಸಣ್ಣ ಸುತ್ತಿಗೆಯೊಂದು ವಾಲ್ವಿಗೆ ತಟ್ಟುತ್ತದೆ, ಕಣ್ಣು ಮಿಟುಕಿಸುವಷ್ಟು ಹೊತ್ತು ವಾಲ್ವಿನ ಬಾಯಿ ತೆರೆದು ಗಾಳಿ ಗುಂಡನ್ನು ತಳ್ಳುತ್ತದೆ. ತೆರೆಸುವುದೇನೋ ಬಂತು. ಮುಚ್ಚಿಸುವುದು ಬರಲಿಲ್ಲ. ಮೊದಲ ವಾಲ್ವು ತೆರೆದದ್ದು ತೆರೆದೇ ಉಳಿದು, ಸೀಸೆಯ ಗಾಳಿಯೆಲ್ಲ ಒಂದೇ ಉಸಿರಿಗೆ ಹೋಯಿತು. ಎರಡನೆಯದರ ರಬ್ಬರು ಎಣ್ಣೆ ಕುಡಿದು ಊದಿಕೊಂಡಿತು. ಮೂರನೆಯದು ಮೊದಲ ಗುಂಡಿಗೆ ಹುಲಿ, ಐದನೆಯದಕ್ಕೆ ಇಲಿ. ಕೊನೆಗೆ ಅವಳು ಅಪ್ಪನ ಡಬ್ಬಕ್ಕೆ ಕೈಹಾಕಿ, ಮೂರು ದಿನ ಎಣ್ಣೆಯಲ್ಲಿ ನೆನೆದ ಚರ್ಮದ ವಾಷರೊಂದನ್ನು ಕದ್ದು ಬ್ಲೇಡಿನಿಂದ ಸಣ್ಣಗೆ ಕೊರೆದು ಕೂರಿಸಿದಳು.

"ನನ್ನ ಡಬ್ಬ ಮುಟ್ಟಿದ್ಯಾರು?" ಎಂದು ಅಪ್ಪ ಮುಂದಿನ ಕೋಣೆಯಿಂದ ಕೂಗಿದಾಗ ಅವಳು ಉಸಿರೆತ್ತಲಿಲ್ಲ. "ಇಲಿ ಇರಬೇಕು," ಎಂದಿದ್ದ ಅಣ್ಣ. "ಡಿಗ್ರಿ ಆಗಿರೋ ಇಲಿ."

ಈಗ ಆ ಚರ್ಮ ಗಾಳಿ ಹಿಡಿದಿತ್ತು. ಅವಳು ವಾಲ್ವನ್ನು ರೈಫಲ್ಲಿಗೆ ಕೂರಿಸಿ, ಗಾಳಿಯ ಒತ್ತಡ ಹೆಚ್ಚು ಕಡಿಮೆ ಮಾಡುವ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತ ಹಿತ್ತಲಿನ ಗೋಡೆಗೆ ಒರಗಿಸಿದ್ದ ರಟ್ಟಿಗೆ ಹೊಡೆದಳು. ಅಣ್ಣ ಗೋದಾಮಿನಿಂದ ಎರವಲು ತಂದಿದ್ದ ವೇಗ ಅಳೆಯುವ ಡಬ್ಬಿ ಸೆಕೆಂಡಿಗೆ ತೊಂಬತ್ತೆರಡು ಮೀಟರ್ ತೋರಿಸಿತು. ಮತ್ತೆ ತೊಂಬತ್ತೆರಡು. ಹತ್ತನೆಯ ಗುಂಡಿಗೆ ತೊಂಬತ್ತೊಂದು.

"ಇಷ್ಟೇನಾ?" ಅಣ್ಣ ಮೂಗು ಮುರಿದ. "ಆ ಸ್ಕ್ರೂ ಇನ್ನೊಂಚೂರು ಬಿಗಿ ಮಾಡಿದ್ರೆ ಜೋರು ಹೋಗುತ್ತೆ ತಾನೇ?"

"ನೂರು ದಾಟಿದ್ರೆ ಒಳಗೆ ಬಿಡಲ್ಲ."

"ದಾಟ್ಸು ಅಂದ್ನಾ? ಕೇಳ್ದೆ ಅಷ್ಟೆ."

ಅವಳು ಒಳಗಿನಿಂದ ಉಗುರುಬಣ್ಣದ ಸೀಸೆ ತಂದು, ಸ್ಕ್ರೂವಿನ ತಲೆಯಿಂದ ಪಕ್ಕದ ಹಿತ್ತಾಳೆಯವರೆಗೆ ಒಂದು ಕೆಂಪು ಗೆರೆ ಎಳೆದಳು. ಯಾರಾದರೂ ತಿರುಗಿಸಿದರೆ ಗೆರೆ ಬಿರುಕು ಬಿಡುತ್ತದೆ.

"ನೋಡಪ್ಪಾ! ಉಗುರಿಗೆ ಹಚ್ಚೋ ವಯಸ್ಸಲ್ಲಿ ಸ್ಕ್ರೂಗೆ ಹಚ್ತಾಳೆ," ಅಣ್ಣ ಮುಂದಿನ ಕೋಣೆಗೆ ಕೇಳುವಂತೆ ಕೂಗಿದ. "ನನ್ನ ಮೇಲೆ ಕಾವಲಾ ಇದು?"

"ಹೂಂ," ಎಂದಳು.

ಅವನ ನಗು ಅಲ್ಲಿಗೇ ನಿಂತಿತು.

ಭಾನುವಾರ ಬೆಳಿಗ್ಗೆ ಅವಳು ಎದ್ದು ಬರುವಷ್ಟರಲ್ಲಿ ಅಪ್ಪ ಅಂಗಡಿ ತೆರೆದಿದ್ದ, ಅಣ್ಣ ರೈಫಲ್ಲನ್ನು ಗೋಣಿಯಲ್ಲಿ ಸುತ್ತಿ ಬೈಕಿಗೆ ಕಟ್ಟಿಕೊಂಡಿದ್ದ. ಅವಳು ಹಿಂದೆ ಹತ್ತಿ ಕೂತಳು.

ಗೋದಾಮಿನ ಒಡತಿಯ ಕೊರಳಲ್ಲಿ ಸದಾ ಒಂದು ಶಿಳ್ಳೆ ತೂಗುತ್ತಿತ್ತು. ಎಲ್ಲರೂ ಶಿಳ್ಳೆ ಮೇಡಂ ಎನ್ನುತ್ತಿದ್ದರು. ಬಾಗಿಲಲ್ಲೇ ಮೇಜು ಹಾಕಿ ಕೂತು, ಪ್ರತಿಯೊಬ್ಬರ ಬಂದೂಕಿನ ವೇಗ ಅಳೆದೇ ಒಳಗೆ ಬಿಡುತ್ತಿದ್ದಳು. ಇವರ ಹಿಂದೆ ಸಾಲಿನಲ್ಲಿ ಹತ್ತು ಹನ್ನೆರಡು ಮಂದಿ.

"ಇದೇನಾ ನಿನ್ನ ಗಾಳಿಗೋಪುರ?" ಮೇಡಂ ಕೇಳಿದಳು.

"ಹದಿನೈದು ದಿನ ನಿದ್ದೆ ಬಿಟ್ಟು ಮಾಡಿದೀನಿ ಮೇಡಂ," ಎಂದ ಅಣ್ಣ. "ಒಂದೊಂದು ಸ್ಕ್ರೂನೂ ನಂದೇ ಡಿಸೈನು."

ಅವನ ಹಿಂದೆ ನಿಂತಿದ್ದ ಅವಳು ತನ್ನ ಚಪ್ಪಲಿಯ ಉಂಗುಷ್ಠವನ್ನು ನೋಡುತ್ತಿದ್ದಳು. ಕಿವಿ ಬಿಸಿಯಾಗಿತ್ತು.

ಅಣ್ಣ ಹೊಡೆದ. ಡಬ್ಬಿಯಲ್ಲಿ ಅಂಕಿ ಮೂಡಿತು. ನೂರಾ ಇಪ್ಪತ್ತೇಳು.

ಮೇಡಂ ಶಿಳ್ಳೆ ಊದಿದಳು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. "ಯಾರ ಕಣ್ಣು ತೆಗೀಬೇಕು ಅಂತ ಬಂದಿದೀಯಪ್ಪಾ?" ಮೇಡಂ ಎದ್ದು ನಿಂತಳು. "ಯಾರು ಮಾಡಿದ್ದು ಅಂದೆ ಇದನ್ನ?"

ಅಣ್ಣನ ಮುಖ ಬಿಳಚಿಕೊಂಡಿತು. "ಅದು... ಇವಳು. ನನ್ನ ತಂಗಿ ಮಾಡಿದ್ದು. ನಂಗೇನು ಗೊತ್ತಾಗುತ್ತೆ ಮೇಡಂ ಒಳಗಿಂದು?"

"ಈಗಿನ್ನೂ ನಿನ್ನದೇ ಡಿಸೈನು ಅಂದ್ಯಲ್ಲೋ!" ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

ಅವಳು ಮುಂದೆ ಬಂದು ಅಣ್ಣನ ಕೈಯಿಂದ ರೈಫಲ್ಲನ್ನು ಕಿತ್ತುಕೊಂಡಳು. ಸ್ಕ್ರೂವಿನ ಮೇಲಿನ ಕೆಂಪು ಗೆರೆ ಒಡೆದಿತ್ತು. ಒಂದಿಷ್ಟು ಬಣ್ಣ ಉದುರಿಯೂ ಹೋಗಿತ್ತು.

"ನಾನೇ ಮಾಡಿದ್ದು," ಎಂದಳು. ಇಷ್ಟು ಜನರ ನಡುವೆ ತನ್ನ ದನಿಯನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. "ಇದನ್ನ ಆಮೇಲೆ ತಿರುಗಿಸಿದಾರೆ. ಒಂದು ಸ್ಕ್ರೂಡ್ರೈವರ್ ಕೊಡಿ."

ಅವಳು ಸ್ಕ್ರೂವನ್ನು ಸರಿಯಾಗಿ ಒಂದು ಸುತ್ತು ಹಿಂದಕ್ಕೆ ತಿರುಗಿಸಿದಾಗ ಗೆರೆಯ ಎರಡು ತುಂಡುಗಳೂ ಮತ್ತೆ ಎದುರಾದವು. ಐದು ಗುಂಡು ಹೊಡೆದಳು. ತೊಂಬತ್ತೆರಡು, ತೊಂಬತ್ತೆರಡು, ತೊಂಬತ್ತೊಂದು, ತೊಂಬತ್ತೆರಡು, ತೊಂಬತ್ತೆರಡು. ಸಾಲಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ.

ಮೇಡಂ ಬಗ್ಗಿ ಆ ಗೆರೆಯನ್ನು ಬೆರಳಿನಿಂದ ಸವರಿ ನೋಡಿದಳು. "ಕೆಲಸ ಚೆನ್ನಾಗಿದೆ ಕಣಮ್ಮ. ಆರೂ ನೀನೇ ಮಾಡ್ಕೊಡು. ಈ ಬಣ್ಣ ಹಚ್ಚೇ ಕೊಡು." ಆಮೇಲೆ ಸ್ವರ ಇಳಿಸಿದಳು. "ಆದ್ರೆ ಇದನ್ನ ತಿರುಗಿಸಿದೋರು ಒಂದು ವರ್ಷ ಈ ಬಾಗಿಲು ದಾಟೋ ಹಾಗಿಲ್ಲ. ಯಾರು?"

"ನಾನು ಮುಟ್ಟಿಲ್ಲ," ಅಣ್ಣ ತಕ್ಷಣ ಅಂದ. ಅವಳ ಕಡೆ ತಿರುಗಿದ. "ಮುಟ್ಟಿಲ್ಲ ಕಣೇ. ಅಮ್ಮನಾಣೆ."

ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು. ಅಮ್ಮನ ಮೇಲೆ ಆಣೆ ಇಡುವುದನ್ನು ಅವನು ಅಂದಿನಿಂದ ಬಿಟ್ಟಿದ್ದ. ಇಂಥ ಚಿಲ್ಲರೆ ಸುಳ್ಳಿಗೆ ಅಮ್ಮನನ್ನು ಎಳೆದು ತಂದನಲ್ಲ ಎಂದು ಅವಳ ಮೈಯೆಲ್ಲ ಉರಿಯಿತು. ಪೋಸ್ಟ್ ಕಾರ್ಡು, ಇಲಿ, ಒಂದೊಂದು ಸ್ಕ್ರೂನೂ ನಂದೇ. ಎಲ್ಲ ಒಟ್ಟಿಗೆ ನೆನಪಿಗೆ ನುಗ್ಗಿತು.

"ಅಣ್ಣ," ಎಂದಳು ಮೇಡಂಗೆ. "ನಮ್ಮಣ್ಣನೇ ತಿರುಗಿಸಿದ್ದು."

ಅಣ್ಣ ಅವಳನ್ನೇ ನೋಡಿದ. ಬೈಯಲಿಲ್ಲ. ಮುಖವಾಡವನ್ನು ಮೇಜಿನ ಮೇಲಿಟ್ಟು, ಸಾಲಿನವರ ಮುಂದೆ ಹಾದು, ಬೈಕು ಸ್ಟಾರ್ಟ್ ಮಾಡಿಕೊಂಡು ಹೊರಟುಹೋದ.

ಅವಳು ಗೋಣಿಯಲ್ಲಿ ರೈಫಲ್ಲು ಸುತ್ತಿಕೊಂಡು ಮೂರು ಮೈಲಿ ನಡೆದೇ ಬಂದಳು. ಭುಜ ನೋಯುತ್ತಿತ್ತು, ಆದರೂ ಹೆಜ್ಜೆ ಹಗುರವಾಗಿತ್ತು. ಬೆಂಚು ಉಳಿಯಿತು, ಲೇತು ಉಳಿಯಿತು ಎಂದು ದಾರಿಯಲ್ಲಿ ಎರಡು ಸಲ ಬಾಯಿಬಿಟ್ಟು ಹೇಳಿಕೊಂಡಳು.

ಅಪ್ಪ ಮುಂದಿನ ಕೋಣೆಯಲ್ಲಿ ಸ್ಟೌವ್ ಪಂಪೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತಲೆ ಎತ್ತಲಿಲ್ಲ.

"ಏನಂತೆ ಆ ಆಟದೋರು?"

"ಆರು ಬೇಕಂತೆ. ನಾನೇ ಮಾಡ್ಬೇಕಂತೆ."

"ಹೂಂ." ಅಪ್ಪ ಪಂಪಿನ ಕಡ್ಡಿಯನ್ನು ಎರಡು ಸಲ ಎಳೆದು ಬಿಟ್ಟ. "ಗುಜರಿಯವನಿಗೆ ಬರಬೇಡ ಅಂತ ಬೆಳಿಗ್ಗೆನೇ ಹೇಳಿ ಕಳಿಸಿದೀನಿ."

ಅವಳು ಅಲ್ಲೇ ನಿಂತಳು. "ಬೆಳಿಗ್ಗೆನೇನಾ?"

"ನೋಡ್ದೆ ನಿನ್ನ ಕೆಲಸಾನ. ವಾಷರ್ ಕದ್ರೂ ಸರಿಯಾಗಿ ಕೊರೆದಿದೀಯ." ಬೈಗುಳದ ದನಿಯಲ್ಲೇ ಹೇಳಿದ. "ಒಂದು ಸ್ಕ್ರೂ ಮಾತ್ರ ನೀನು ಸಡಿಲ ಬಿಟ್ಟಿದ್ದೆ. ಅದರ ಮೇಲೆ ಬಣ್ಣ ಬೇರೆ. ಬಣ್ಣ ಬಳಿದ್ರೆ ಬಿಗಿ ಆಗುತ್ತೇನೇ? ನಾನೇ ಒಂದು ಸುತ್ತು ಕೊಟ್ಟೆ. ನಮ್ಮಂಗಡಿಯಿಂದ ಹೋಗೋ ಸಾಮಾನು ಸಡಿಲ ಇರಬಾರದು."

ಅವಳು ಗೋಣಿಯನ್ನು ಹಿಂದಿನ ಕೋಣೆಗೆ ಒಯ್ದು ಬೆಂಚಿನ ಮೇಲೆ ಇಳಿಸಿದಳು. ವೈಸಿನ ಪಕ್ಕದಲ್ಲಿ ಅಪ್ಪನ ಮೋಟು ಸ್ಕ್ರೂಡ್ರೈವರ್ ಇತ್ತು. ಅದರ ತುದಿಗೆ ಉಗುರುಬಣ್ಣದ ಒಂದು ಚೂರು ಅಂಟಿಕೊಂಡಿತ್ತು, ಸಾಸಿವೆ ಕಾಳಿನಷ್ಟು.

ಓಣಿಯ ತಿರುವಿನಲ್ಲಿ ಅಣ್ಣನ ಬೈಕಿನ ಸದ್ದು ಕೇಳಿತು. ಹತ್ತಿರ ಬಂತು, ಬಾಗಿಲ ಮುಂದೆ ನಿಂತಿತು. ಸ್ಟ್ಯಾಂಡು ಹಾಕಿದ ಶಬ್ದವಾಯಿತು. ಅವಳು ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಂಡಳು. ಆ ಚೂರನ್ನು ಒರೆಸದೆಯೇ ಕೆಳಗಿಟ್ಟಳು. ಸ್ಕ್ರೂಡ್ರೈವರನ್ನು ಕಿಟಕಿಯ ಬೆಳಕು ಬೀಳುವ ಕಡೆ ಸರಿಸಿ, ತುದಿ ಬಾಗಿಲಿಗೆ ಕಾಣುವಂತೆ ತಿರುಗಿಸಿ ಇಟ್ಟು, ಗೋಡೆಗೆ ಬೆನ್ನು ಕೊಟ್ಟು ನಿಂತಳು.